ಏಳನೇ ನಂಬರಿನ ಖಣ

ಏಳನೇ ನಂಬರು ಗೆದ್ದಿತ್ತು. ನಾನು ನಾಲ್ಕು ಎಂದು ಓದಿದೆ. ಕಣ್ಣು ತಪ್ಪಿ ಅಲ್ಲ, ಗಡಿಬಿಡಿಯಲ್ಲಿ ಅಲ್ಲ — ಗೊತ್ತಿದ್ದೇ ಓದಿದೆ. ಇಷ್ಟನ್ನು, ಆರಿಸಿಕೊಡಿ ಎಂದು ಕರೆದಿದ್ದ ನೇಕಾರರ ಸಂಘಕ್ಕೂ ಪತ್ರ ಬರೆದು ತಿಳಿಸಿದ್ದೇನೆ, ಉತ್ತರ ಬಂದಿಲ್ಲ. ಆದರೆ ಇದಕ್ಕಿಂತ ದೊಡ್ಡ ತಪ್ಪು ಮರುದಿನ ಮಾಡಿದ್ದು. ಅದನ್ನು ಪತ್ರದಲ್ಲಿ ಬರೆಯಲಿಲ್ಲ. ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಸಹಕಾರ ಸಂಘ, ಕಾರ್ಖಾನೆ, ಕಚೇರಿಗಳಿಗೆ ಹೋಗಿ, ಕೆಲಸ ಕೊಡುವಾಗ ಜಾತಿ ನೋಡಬೇಡಿ, ಹೆಣ್ಣೆಂದು ಹಿಂದೆ ತಳ್ಳಬೇಡಿ, ಎಲ್ಲರಿಗೂ ಜಾಗ ಮಾಡಿ ಎಂದು ಹೇಳಿಕೊಡುವುದು ನಮ್ಮ ಕೆಲಸ. ಹೇಳುವುದರಲ್ಲಿ ನಾನು ಭಾಳ ಹುಷಾರು. ಗುಳೇದಗುಡ್ಡದ ಒಂದು ನೇಕಾರರ ಸಂಘ ಹೆಣ್ಣುಮಕ್ಕಳಿಗೆ ಮಗ್ಗ ಕಲಿಸುವ ಕೇಂದ್ರ ತೆರೆಯಲಿತ್ತು. ಕಲಿಸುವವಳೊಬ್ಬಳನ್ನು ಆರಿಸಿಕೊಡಿ ಎಂದು ನಮ್ಮನ್ನು ಕರೆಯಿತು. ನಾನೂ ಅದೇ ಊರಿನ ನೇಕಾರರ ಮನೆ ಮಗಳು.

ಉಪಾಯ ನನ್ನದೇ. ಕೆಲಸ ಬೇಕಾದವರು ಒಂದೊಂದು ತುಂಡು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯ್ದು ತರಬೇಕು. ತುಂಡಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಇಳಕಲ್ಲಿನಿಂದ ಮೂವರು ಹಿರಿಯ ನೇಕಾರರನ್ನು ಕರೆಸಿದೆ, ಯಾರ ಗುರುತೂ ಇಲ್ಲದವರನ್ನು. ಅವರು ಬಟ್ಟೆಗಳನ್ನು ನೋಡಿ, ಯಾವುದು ಮೊದಲು ಯಾವುದು ಎರಡನೆಯದು ಎಂದು ಚೀಟಿಯಲ್ಲಿ ಬರೆದು, ಅಂಟು ಹಚ್ಚಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು. ಯಾವ ನಂಬರು ಯಾರದೆಂಬ ಪಟ್ಟಿ ನನ್ನ ಹತ್ತಿರ ಮಾತ್ರ ಇತ್ತು.

ಸಂಘದ ಒಳಕೋಣೆಯಲ್ಲಿ ಚೀಟಿ ಒಡೆದೆ. ಮೊದಲನೆಯದು ಏಳು — ನೀಲವ್ವ. ಬೀರಪ್ಪನ ಒಕ್ಕಲು, ಊರ ಹೊರಗೆ ಕುರಿ ಸಾಕುವ ಮನೆತನ. ನೇಕಾರರ ಮನೆಗೆ ನೂಲು ಸುತ್ತುವ ಕೂಲಿಗೆ ಬಂದು, ನೋಡಿ ನೋಡಿಯೇ ಮಗ್ಗ ಕಲಿತವಳು. ಈ ಕೆಲಸ ಸಿಕ್ಕರೆ ಕೂಲಿ ತಪ್ಪಿ ಟೀಚರ್ ಅನ್ನಿಸಿಕೊಳ್ಳುತ್ತಿದ್ದಳು. ಎರಡನೆಯದು ನಾಲ್ಕು — ಗಿರಿಜಾ, ನಮ್ಮ ಪೈಕಿಯವಳು.

ಜೊತೆಗಿದ್ದ ಸಂಘದ ಅಧ್ಯಕ್ಷರು ಪಟ್ಟಿಯೊಳಗೆ ಇಣುಕಿದರು. ದನಿ ಏರಿಸಲಿಲ್ಲ.

"ಅಲ್ಲ ತಂಗಿ, ಕುರಿ ಕಾಯೋರ ಮನಿಯಾಕಿ ಬಂದು ನಮ್ಮ ಹೆಣ್ಣಮಕ್ಕಳಿಗೆ ಮಗ್ಗ ಕಲಸ್ತಾಳೇನು? ನಾಳಿಂದ ಒಂದ್ ಹುಡುಗಿ ಬಂದ್ರ ಕೇಳು. ನೀನೂ ನಮ್ಮ ಮನಿ ಮಗಳು ಅದಿ, ತಿಳಕೊ."

ಕೇಂದ್ರ ಮುಚ್ಚಿಬಿಟ್ಟರೆ — ಇನ್ನು ಯಾವ ಸಂಘವೂ ನಮ್ಮನ್ನು ಕರೆಯದಿದ್ದರೆ — ಈ ಸಲ ಗಿರಿಜಾ ಇರಲಿ, ಮುಂದಿನ ಸಲ ನೀಲವ್ವ... ಹೀಗೆಲ್ಲ ಅಂದುಕೊಂಡೆ. ನಮ್ಮ ಮನೆ ಮಗಳು ಎಂದದ್ದು ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಹೊರಗೆ ಬಂದು ನಾಲ್ಕು ಎಂದೆ. ಗಿರಿಜಾಳದು ಇದರಲ್ಲಿ ಏನೂ ತಪ್ಪಿಲ್ಲ, ಅವಳು ಖುಷಿಯಿಂದ ಅತ್ತಳು.

ಮರುದಿನ ನೀಲವ್ವ ಬಸ್ಸು ಹಿಡಿದು ವಿದ್ಯಾಗಿರಿಯ ನಮ್ಮ ಕಚೇರಿಗೆ ಬಂದಳು. ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲೇ ನಿಂತಳು.

"ಜಗಳಕ್ಕ ಬಂದಿಲ್ರಿ ಅಕ್ಕಾರ. ಎಲ್ಲಿ ತಪ್ಪೇತಿ ತೋರಸ್ರಿ. ತಿದ್ದಿಕೊಂತೇನಿ."

ತೋರಿಸಲು ಏನಿತ್ತು? ತಪ್ಪಿಲ್ಲ ಎಂದರೆ, ಮತ್ಯಾಕೆ ಎಂದು ಕೇಳುತ್ತಾಳೆ. ಏಳನೇ ನಂಬರಿನ ತುಂಡು ಮೇಜಿನ ಮೇಲೆ ಹಾಸಿ, ಅದರ ಅಂಚಿನ ದಡಿಯ ಮೇಲೆ ಬೆರಳೆಳೆದೆ. "ಇಲ್ಲಿ ನೋಡು ನೀಲವ್ವ, ದಡಿ ಸಡ್ಲ ಆಗೇತಿ. ನೂಲು ಬಿಗಿ ಹಿಡೀಬೇಕು." ನೇಕಾರರ ಮಗಳಲ್ಲವೇ — ಸುಳ್ಳನ್ನು ಎಲ್ಲಿಟ್ಟರೆ ನಿಲ್ಲುತ್ತದೆ ಎಂದು ಗೊತ್ತಿತ್ತು. ಅವಳು ಬಗ್ಗಿ ಭಾಳ ಹೊತ್ತು ನೋಡಿದಳು.

"ಹೌದ್ರಿ, ಸಡ್ಲ ಐತಿ. ಯಾರೂ ಹಿಂಗ ತೋರಿಸಿ ಹೇಳಿದ್ದಿಲ್ರಿ," ಎಂದು ಕೈ ಮುಗಿದು ಹೋದಳು. ತುಂಡು ನನ್ನ ಕಪಾಟಿನಲ್ಲೇ ಉಳಿಯಿತು.

ನಂಬರು ಹಚ್ಚಿ ಆರಿಸಿದ ಕಥೆಯನ್ನು ಆಮೇಲೆ ಎಷ್ಟು ಕಚೇರಿಗಳಲ್ಲಿ ಹೇಳಿದೆನೋ. ಎಲ್ಲ ಕಡೆ ಚಪ್ಪಾಳೆ. ನೀಲವ್ವನಿಗೆ ಎಂದುಕೊಂಡಿದ್ದ ಆ ಮುಂದಿನ ಸಲ ಮಾತ್ರ ಬರಲಿಲ್ಲ.

ಎಂಟೊಂಬತ್ತು ವರ್ಷದ ಮೇಲೆ ಬೇರೆ ಕೆಲಸಕ್ಕೆ ಗುಳೇದಗುಡ್ಡಕ್ಕೆ ಹೋದಾಗ ನೀಲವ್ವ ದಾರಿಯಲ್ಲಿ ಗುರುತು ಹಿಡಿದು ಮನೆಗೆ ಕರೆದೊಯ್ದಳು. ಮನೆಯಲ್ಲೊಂದು ಮಗ್ಗ, ಅದರ ಮೇಲೆ ಅರ್ಧ ನೇಯ್ದ ಖಣ. ನೋಡಿದೆ. ಎರಡೂ ದಡಿ ಒಳಗೆ ಎಳೆದುಕೊಂಡು, ಸುಟ್ಟ ಹಪ್ಪಳದ ಹಾಗೆ ಮುದುರಿದ್ದವು.

"ನೀವು ಅಂದಾಗಿಂದ ಬಿಗಿ ಹಿಡದು ನೇಯ್ತೇನ್ರಿ," ಎಂದಳು ಚಹಾ ಕೊಡುತ್ತ. "ಆದ್ರೂ ಸಾವಕಾರ್ರು ದಡಿ ಸರಿ ಇಲ್ಲ ಅಂತ ಮಾಲು ತಿರುಗಿಸಿ ಒಗೀತಾರ. ಇನ್ನಷ್ಟು ಬಿಗಿ ಹಿಡೀಬೇಕೇನ್ರಿ ಅಕ್ಕಾರ?"

ಅಂದು ಇಲ್ಲದ ತಪ್ಪು ಈಗ ಆ ಬಿಗಿಯಿಂದಲೇ ಬಂದಿತ್ತು. ಚಹಾ ಕುಡಿದು ಎದ್ದು ಬಂದೆ. ಹೌದು, ಅವತ್ತೂ ಹೇಳಲಿಲ್ಲ. ಅದಕ್ಕೆ ಎಂಟು ದಿನ ಬೇಕಾಯಿತು.

ಎಂಟನೇ ದಿನ ಕಪಾಟಿನ ತುಂಡು ತೆಗೆದುಕೊಂಡು ಹೋಗಿ, ಅವಳ ಕೈಯಲ್ಲಿಟ್ಟು, ಚೀಟಿಯಿಂದ ಹಿಡಿದು ಎಲ್ಲ ಹೇಳಿದೆ. ಅವಳು ತುಂಡನ್ನು ಬಾಗಿಲ ಬೆಳಕಿಗೆ ಹಿಡಿದಳು. ದಡಿಯುದ್ದಕ್ಕೂ ಬೆರಳಾಡಿಸಿದಳು.

"ಹಂಗಾದ್ರ ಆವಾಗ ನಾ ಪಾಸ್ ಆಗಿದ್ನೇನ್ರಿ?"

"ಹೌದವಾ. ಎಲ್ಲರಿಗಿಂತ ಮೊದಲು ನೀನ."

ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಹೋಗಿ ಮಗ್ಗದ ಮುಂದೆ ಕುಳಿತಳು. ಹಳೆಯ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡು, ಅದನ್ನೇ ನೋಡುತ್ತ ಲಾಳಿ ಒಗೆದಳು. ನೂಲನ್ನು ಸಡಿಲ ಬಿಡಲು ನೋಡಿದಳು. ಕೈ ತಾನಾಗಿ ಎಳೆಯಿತು. ಮತ್ತೆ ಒಗೆದಳು, ಮತ್ತೆ ಎಳೆಯಿತು. ಐದಾರು ಸಲ ಹೀಗೇ ಆಯಿತು. ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ.

"ಕೈ ಕೇಳವಲ್ದು ಅಕ್ಕಾರ," ಎಂದಳು, ನನ್ನ ಕಡೆ ನೋಡದೆ.