ಕಾಮಾಕ್ಷಿಪಾಳ್ಯದ ಹಿಂದಿನ ಮೆಟ್ಟಿಲು

ಎಂ.ಎ. ಎರಡನೇ ವರ್ಷದಲ್ಲಿ ನಮಗೆ ಅಂತರರಾಷ್ಟ್ರೀಯ ಸಂಬಂಧಗಳ ವಿಮರ್ಶಾತ್ಮಕ ಸಿದ್ಧಾಂತಗಳನ್ನು ಪಾಠ ಮಾಡುತ್ತಿದ್ದ ಮೇಡಂ ಮೊದಲ ದಿನವೇ ಒಂದು ಮಾತು ಹೇಳಿದ್ದರು. ಭದ್ರತೆ ಎಂದೊಡನೆ ಗಡಿ, ಸೈನ್ಯ, ಕ್ಷಿಪಣಿ ಎಂದು ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾರ ಭದ್ರತೆ, ಯಾರಿಂದ, ಹಾಗೆಂದು ತೀರ್ಮಾನಿಸಿದವರು ಯಾರು? ನನ್ನ ಡೈರಿಯಲ್ಲಿ ಆ ಮೂರರ ಕೆಳಗೂ ಗೆರೆ ಎಳೆದಿದ್ದೇನೆ.

ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಜಾಗತೀಕರಣ ಮತ್ತು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸುರಕ್ಷತೆ. ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಗದಗ ಕಡೆಯ ಅಕ್ಕ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದರು. ಹೊರದೇಶಕ್ಕೆ ಹೋಗುವ ಅಂಗಿಗಳು. ಹನ್ನೆರಡು ಪ್ರಶ್ನೆಗಳನ್ನು ಪ್ಯಾಡಿಗೆ ಸಿಕ್ಕಿಸಿಕೊಂಡು, ಫೆಬ್ರವರಿಯಲ್ಲಿ ಎರಡು ವಾರ ಸಂಜೆ ಅವರ ಯೂನಿಟ್ಟಿನ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ ಹತ್ತದೆ ನಡೆದೇ ಮನೆಗೆ ಬರುವ ಅಕ್ಕನನ್ನು ಮಾತ್ರ ಕೇಳಲಿಲ್ಲ, ಪರಿಚಯದವರು ಸೇರಿದರೆ ಲೆಕ್ಕ ಕೆಡುತ್ತದೆ ಎಂದು. ಮೂವತ್ತೊಂದು ಜನ ಮಾತಾಡಿದರು. ಹೊರಹೋಗಲು ಎರಡು ದಾರಿ ಇದೆಯೇ? ಇದೆ, ಮೂವತ್ತೊಂದು. ಯಾರಾದರೂ ಬೈಯುತ್ತಾರೆಯೇ? ಇಲ್ಲ, ಮೂವತ್ತೊಂದು. ಇಷ್ಟು ಚೊಕ್ಕಟವಾದ ಕೋಷ್ಟಕ ತರಗತಿಯಲ್ಲಿ ಯಾರ ಬಳಿಯೂ ಇರಲಿಲ್ಲ.

ಭಾನುವಾರ ಅಕ್ಕನಿಗೆ ತೋರಿಸಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ಬಿದ್ದು ಬಿದ್ದು ನಕ್ಕರು.

“ಪ್ಯಾಡ್ ಹಿಡ್ಕೊಂಡ್ ನಿಂತಾಕಿ ನೀನೇನ? ಬಯರ್ ಕಡಿಯಾಕಿ ಬಂದಾಳ ಅಂತ ಲೈನ್ ತುಂಬ ಸುದ್ದಿ ಆಗಿತ್ತವ್ವಾ!”

ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳ ಪರವಾಗಿ ತಪಾಸಣೆಗೆ ಬರುವವರೂ ಹೀಗೆಯೇ ಪ್ಯಾಡ್ ಹಿಡಿದಿರುತ್ತಾರಂತೆ. ಅವರು ಬರುವ ಹಿಂದಿನ ದಿನ ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉತ್ತರಗಳನ್ನು ಮಗ್ಗಿಯ ಹಾಗೆ ಹೇಳಿಸುತ್ತಾರಂತೆ. ಅಕ್ಕ ಸೊಪ್ಪಿನಿಂದ ಕಣ್ಣೆತ್ತದೆ ನನ್ನ ಹನ್ನೆರಡು ಪ್ರಶ್ನೆಗಳಿಗೂ ಉತ್ತರ ಒಪ್ಪಿಸಿದರು. ಒಂದು ಪದವೂ ಬೇರೆಯಾಗಲಿಲ್ಲ.

“ಹಾಗಾದ್ರೆ ಎರಡನೇ ದಾರಿ ಇಲ್ವಾ ಅಕ್ಕ?”

“ಐತಿ. ಹಿಂದಿನ ಮೆಟ್ಲು. ಅದರ ತುಂಬ ರಟ್ಟಿನ ಡಬ್ಬಿ. ತಪಾಸಣಿ ದಿನ ತಗೀತಾರ, ಮರುದಿನ ಮತ್ತ ಪೇರಿಸ್ತಾರ. ಮ್ಯಾಲಿನ ಮಹಡ್ಯಾಗ ಐವತ್ನಾಕ ಮಂದಿ ಅದೀವಿ. ಹೋದ ತಿಂಗಳ ಇಸ್ತ್ರಿ ಟೇಬಲ್ ವಯರ್ ಸುಟ್ಟು ಹೊಗಿ ಎದ್ದಾಗ ಎಲ್ಲಾರೂ ಒಂದ ಬಾಗಲಕ್ಕ ಬಿದ್ವಿ. ಮುಂದಿನ ಸಲ ಹೊಗಿ ಅಲ್ಲ, ಬೆಂಕೀನ ಬಂದ್ರ?”

“ತಪಾಸಣೆಯವರಿಗೇ ನಿಜ ಹೇಳ್ಬಹುದಲ್ವಾ?”

“ಹೇಳಿ? ಆರ್ಡರ್ ಹಾರಿ ಹೋತಂದ್ರ ಐವತ್ನಾಕ ಮಂದಿಗಿ ನೀ ಊಟಕ್ಕ ಹಾಕ್ತೀಯೇನು?”

ಮರುದಿನ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದೆ. “ಕೇಳೋರೂ ಆ ಚಿತ್ರದೊಳಗೇ ಇರ್ತಾರೆ ಅಂತ ಎಷ್ಟು ಸಲ ಹೇಳಿದೀನಿ? ನೀನು ಹೋಗಿ ಬಯರ್ ಆಗಿ ನಿಂತ್ಕೊಂಡಿದೀಯ. ಕೋಷ್ಟಕ ಎಸೀಬೇಡ ಕಣಮ್ಮಾ, ಅದರ ತಲೆಬರಹ ಬದಲಾಯಿಸು” ಎಂದರು. ಬದಲಾಯಿಸಿದೆ: ‘ತಪಾಸಣೆಗೆ ಬಂದವರಿಗೆ ಹೇಳುವ ಉತ್ತರಗಳು.’ ಆ ಮೂವತ್ತೊಂದು ಜನ ಸುಮ್ಮನೆ ಸುಳ್ಳು ಹೇಳಿರಲಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆದರೆ ಮೆಟ್ಟಿಲು ಮುಚ್ಚಿಯೇ ಇತ್ತು.

ಮಾರ್ಚ್ ಎರಡನೇ ಮಂಗಳವಾರ ನಿಜವಾದ ತಪಾಸಣೆ ನಡೆಯಿತು. ಅಕ್ಕನೂ ಕಲಿಸಿದ್ದನ್ನೇ ಹೇಳಿದರು. ಸಂಜೆ ಬೆಲ್ ಆದಾಗ ಮಾತ್ರ, ಆ ದಿನದ ಮಟ್ಟಿಗೆ ಖಾಲಿಯಾಗಿದ್ದ ಹಿಂದಿನ ಮೆಟ್ಟಿಲಿನತ್ತ ನಡೆದರು.

“ಏಯ್, ಆ ಕಡೆ ಎಲ್ಲಿಗಮ್ಮಾ?” ಎಂದರಂತೆ ಸೂಪರ್‌ವೈಸರ್.

“ಮನಿಗ್ರೀ ಸರ್. ಈ ಕಡಿ ಗಾಳಿ ಚಲೋ ಬರ್ತೈತಿ.”

ಇದನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಅಕ್ಕ, “ನಾಳೆ ಬರಬ್ಯಾಡ ಅಂದ್ರ ಮನ್ಯಾಗ ಬ್ಲೌಸ್ ಹೊಲೀತೀನಿ” ಎಂದರು. ಮನೆಯಲ್ಲಿ ಹೊಲಿಗೆ ಮಷಿನ್ ಇರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲು ಹತ್ತಿ ಹೋದರು. ಡಬ್ಬಿಗಳು ಬರುವ ಹೊತ್ತಿಗೆ ಅವರನ್ನು ನೋಡಿ ಇನ್ನೂ ನಾಲ್ಕೈದು ಜನ ಹತ್ತುತ್ತಿದ್ದರು, ಡಬ್ಬಿ ತಂದವರು ಜಾಗವಿಲ್ಲದೆ ಒಂದು ಪಕ್ಕಕ್ಕೆ ಮಾತ್ರ ಪೇರಿಸಿದರು. ಮಧ್ಯಾಹ್ನ ಅಕ್ಕ ಉಳಿದ ಅರ್ಧದಲ್ಲಿ ಕುಳಿತು ರೊಟ್ಟಿ ಬಿಚ್ಚಿದರು. ಪಕ್ಕದಲ್ಲಿ ಇನ್ನೊಬ್ಬಳು ಚಿತ್ರಾನ್ನ ಬಿಚ್ಚಿದಳು. ಯಾರೂ ದೂರು ಕೊಡಲಿಲ್ಲ, ಯಾರೂ ಮುಂದಾಳು ಎನಿಸಿಕೊಳ್ಳಲಿಲ್ಲ. ಊಟ ಮಾಡುವವರನ್ನು ಎಬ್ಬಿಸಿ ಡಬ್ಬಿ ಇಡುವುದು ಹೇಗೆ? ವಿಮೋಚನೆಯ ಬಗ್ಗೆ ನಾನು ಓದಿದ್ದ ಪುಟಗಳು ಕಡಿಮೆಯೇನಲ್ಲ. ಹೀಗೊಂದು ಉಪಾಯ ಮಾತ್ರ ಯಾವ ಪುಟದಲ್ಲೂ ಸಿಕ್ಕಿರಲಿಲ್ಲ.

ಸಂಜೆ ಆ ಮೆಟ್ಟಿಲು ಇಳಿದವರ ಲೆಕ್ಕವನ್ನು ಅಕ್ಕ ದಿನಾ ತಂದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮಂಗಳವಾರ ಒಬ್ಬರು. ಬುಧವಾರ ಹನ್ನೊಂದು. ಶುಕ್ರವಾರ ಒಂಬತ್ತು, ಅಂದು ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದರಂತೆ. ಶನಿವಾರ ಮೂವತ್ತೆಂಟು.

ಮುಂದಿನ ಗುರುವಾರ ನಾನೇ ಹೋಗಿ ಕಟ್ಟಡದ ಹಿಂದೆ ನಿಂತೆ. ಬಸ್ ಸ್ಟಾಪಿಗೆ ಆ ಕಡೆಯಿಂದ ಸುತ್ತು. ಆದರೂ ಇಳಿದು ಬಂದರು, ಐವತ್ತೆರಡು ಜನ, ನಗುತ್ತಾ, ಒಬ್ಬರ ಬೆನ್ನಿಗೊಬ್ಬರು. ಕೊನೆಯಲ್ಲಿ ಅಕ್ಕ. ಅವರ ಹಿಂದೆ ಎದೆಗೊಂದು ರಟ್ಟಿನ ಡಬ್ಬಿ ಅವಚಿಕೊಂಡು ಸೂಪರ್‌ವೈಸರ್.

“ಇವನ್ನೆಲ್ಲಾ ಈಗ ಎಲ್ಲಿಡ್ಲಮ್ಮಾ ನಾನು?”

ಅಕ್ಕ ತಿರುಗದೆಯೇ ಹೇಳಿದರು: “ನಿಮ್ ಆಫೀಸ್ನ್ಯಾಗ ಜಾಗ ಐತಲ್ರೀ ಸರ್.”