ಹಳೆ ಚರ್ಚಿನಲ್ಲಿ ಒತ್ತಿದ ಹೆಬ್ಬೆರಳು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕುಬಿಡುತ್ತಿದ್ದೆ. ಹಳೆ ಮನೆಗಳನ್ನು ಕೊಂಡು, ಬಿಚ್ಚಿ, ಅವುಗಳ ಬಾಗಿಲು, ಕಂಬ, ತೊಲೆಗಳನ್ನು ಮಾರುವುದು ನನ್ನ ವ್ಯಾಪಾರ. ಸಿಂಧನೂರಿನಲ್ಲಿ ನನ್ನ ಅಡ್ಡೆ ಇದೆ. ಜನ ಕಾಲಿಡಲು ಅಂಜುವ ವಾಡೆಗಳಲ್ಲಿ ಚಾಪೆ ಹಾಸಿ ಮಲಗಿದ್ದೇನೆ. ಮನೆಯಲ್ಲಿ ಏನೋ ಇದೆ ಎಂದು ಮಾಲೀಕ ಹೆದರಿದಷ್ಟೂ ಸರಕು ನನಗೆ ಅಗ್ಗವಾಗಿ ಸಿಗುತ್ತಿತ್ತು. ನಂಬದಿರುವುದರಲ್ಲಿ ನನಗೆ ಲಾಭವೂ ಇತ್ತು ಅನ್ನಿ. ಈಗ ಬರೆಯುತ್ತಿರುವುದು ನಿಮ್ಮನ್ನು ನಂಬಿಸಲಿಕ್ಕಲ್ಲ. ನೀವು ನಂಬದಿದ್ದರೆ ನನಗೇ ಹಗುರ.

ನಾನು ವ್ಯವಹಾರ ಕಲಿತದ್ದು ಲಿಂಗಸುಗೂರಿನ ದನದ ಸಂತೆಯಲ್ಲಿ, ದಲ್ಲಾಳಿಗಳ ಹಿಂದೆ ತಿರುಗಿ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಬಲಗೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಕೇಳಬೇಕು, ಬೆರಳು ಹಿಡಿದೇ ಹೇಳಬೇಕು. ಸುತ್ತ ನಿಂತವರಿಗೆ ಏನೂ ತಿಳಿಯದು. ನಮ್ಮ ಸಂತೆಯಲ್ಲಿ ಇನ್ನೊಂದು ರೂಢಿ ಇತ್ತು. ಎದುರಿನವ ನಿಮ್ಮ ಹೆಬ್ಬೆರಳಿನ ಉಗುರು ಒತ್ತಿದರೆ, "ಐಬು ಏನಿದೆ ಹೇಳು" ಎಂದರ್ಥ. ಆಗ ಮಾತ್ರ ಬಾಯಿ ಬಿಟ್ಟು ಹೇಳಬೇಕು, ಹಾಯುವ ಎತ್ತಾದರೆ ಹಾಯುತ್ತದೆಂದು, ಕುಂಟಿದರೆ ಕುಂಟುತ್ತದೆಂದು. ಬೆಲೆಯಲ್ಲಿ ಎಷ್ಟು ಬೇಕಾದರೂ ಆಟ ಆಡಬಹುದು, ಉಗುರು ಒತ್ತಿದಾಗ ಸುಳ್ಳು ಹೇಳುವಂತಿಲ್ಲ. ದಲ್ಲಾಳಿಯಾಗಿ ಇದ್ದಷ್ಟು ವರ್ಷ ನಾನು ಹಾಗೆ ಸುಳ್ಳು ಹೇಳಿದವನಲ್ಲ.

ಏಳು ವರ್ಷದ ಹಿಂದೆ, ಬೇಸಿಗೆಯಲ್ಲಿ, ಮುದಗಲ್ಲಿನಿಂದ ಒಳಗಿರುವ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಅಲ್ಲಿ ಒಂದು ಹಳೆ ಚರ್ಚು. ಬಿಜಾಪುರದ ಬಾದಶಹರ ಕಾಲದಲ್ಲಿ ಗೋವೆಯಿಂದ ಬಂದ ಪಾದ್ರಿ ಕಟ್ಟಿಸಿದ್ದು ಎಂದು ಊರವರ ಹೇಳಿಕೆ. ಕಾಗದವೇನೂ ಇರಲಿಲ್ಲ, ಗೋಡೆಯೇ ಸಾಕ್ಷಿ. ಎರಡು ತೋಳು ದಪ್ಪದ ಕಲ್ಲುಗೋಡೆ, ಮೇಲೆ ಗಚ್ಚು. ಪೀಠದ ಮುಂದಿನ ಕಮಾನು ನೋಡಿದರೆ ದರ್ಗಾದ ಕಮಾನು, ಕಂಬದ ತಲೆ ನೋಡಿದರೆ ಗುಡಿಯ ಕಮಲ. ಇಲ್ಲಿಯ ಗೌಂಡಿಗಳು ತಮಗೆ ಗೊತ್ತಿದ್ದ ಹಾಗೆ ಕಟ್ಟಿದ್ದರು. ಗೋಪುರವಿಲ್ಲ, ಮುಂದಿನ ಗೋಡೆಯನ್ನೇ ಎತ್ತರಿಸಿ, ಅದರಲ್ಲೊಂದು ಗೂಡು ಬಿಟ್ಟು ಗಂಟೆ ತೂಗುಹಾಕಿದ್ದರು. ಕಿಟಕಿಗಳು ಕೈಗೆಟುಕದಷ್ಟು ಮೇಲೆ. ಸೂರು ನಮ್ಮ ಕಡೆಯ ಮಣ್ಣಿನ ಮಾಳಿಗೆಯೇ, ಆದರೆ ಅದನ್ನು ಹೊತ್ತಿದ್ದದ್ದು ಒಂಬತ್ತು ಸಾಗವಾನಿ ತೊಲೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋದದ್ದು ಅವುಗಳ ಮೇಲೆ.

ಊರಲ್ಲಿ ಎರಡು ಮಾತಿತ್ತು. ಹುಡುಗರಿಗೆ ಇದನ್ನು ಕೆಡವಿ ಸಿಮೆಂಟಿನ ದೊಡ್ಡ ಚರ್ಚು ಕಟ್ಟುವ ಆಸೆ. ಅಲ್ಲಿಯ ಫಾದರ್ ಜರ್ಮನಿಯಲ್ಲಿ ಓದಿ ಬಂದವರು. ತಾವಿದ್ದ ಹಳ್ಳಿಯ ಚರ್ಚಿನ ಚಿತ್ರವನ್ನು ಮೊಬೈಲಿನಲ್ಲಿ ನನಗೂ ತೋರಿಸಿದರು. ಎಂಟುನೂರು ವರ್ಷದ್ದಂತೆ. ಗೋಪುರ ಒಂದು ಕಾಲದ್ದು, ಪೀಠದ ಭಾಗ ಇನ್ನೊಂದು ಕಾಲದ್ದು, ಚೂಪು ಸೂರು ಆಮೇಲಿನದು. "ಅಲ್ಲಿಯವರು ಕೆಡವಲ್ಲ, ಸೇರಿಸ್ತಾ ಹೋಗ್ತಾರೆ" ಎಂದರು. ಹಳೆಯದನ್ನು ಪೀಠಕ್ಕೆ ಉಳಿಸಿಕೊಂಡು, ಮುಂದೆ ಹೊಸ ಹಾಲ್ ಕಟ್ಟೋಣ ಎಂಬುದು ಅವರ ಲೆಕ್ಕ. ಅವರ ಬೆನ್ನಿಗೆ ನಿಂತವರು ರಾಯಪ್ಪಜ್ಜ ಒಬ್ಬರೇ. ನಲವತ್ತು ವರ್ಷ ಆ ಚರ್ಚಿನ ಗಂಟೆ ಬಾರಿಸಿ, ಕಸ ಗುಡಿಸಿ, ಮಕ್ಕಳಿಗೆ ಜಪ ಕಲಿಸಿದವರು. ಕಡೆಗೆ, ಕಟ್ಟಿಗೆ ಬಲ್ಲವರು ನೋಡಿ ಹೇಳಲಿ ಎಂದು ಎರಡೂ ಕಡೆಯವರು ಒಪ್ಪಿದ್ದರು.

"ಸಾವ್ಕಾರ್ರ, ತೊಲಿ ಗಟ್ಟಿ ಅದಾವಂದ್ರ ಗುಡಿ ಉಳೀತೈತಿ. ಇಲ್ಲಂದ್ರ ಹ್ವಾದಂಗ. ಎಲ್ಲಾ ನಿಮ್ಮ ಬಾಯಾಗ ಐತಿ" ಎಂದರು ರಾಯಪ್ಪಜ್ಜ.

ಹಳೆ ತೊಲೆ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ನಡುಭಾಗ ನೋಡಿ ಮೋಸ ಹೋಗಬೇಡಿ, ಗೋಡೆಯೊಳಗೆ ಹೊಕ್ಕ ತುದಿ ನೋಡಿ. ಹುಳ, ತೇವ ಎರಡೂ ಅಲ್ಲಿಂದಲೇ ಶುರುವಾಗುತ್ತವೆ. ನನ್ನ ಬಡಿಗ ಮೌನೇಶ ಏಣಿ ಹತ್ತಿ ತುದಿಯ ಗಚ್ಚು ಬಿಡಿಸಿದ. ಕಟ್ಟಿದವರು ಜಾಣರು. ತೊಲೆಯ ಕೆಳಗೆ ಚಪ್ಪಟೆ ಕಲ್ಲಿಟ್ಟು, ಸುತ್ತ ಗಾಳಿಯಾಡಲು ಬೆರಳಗಲ ಸಂದು ಬಿಟ್ಟಿದ್ದರು. ಮೌನೇಶ ಸುತ್ತಿಗೆಯಿಂದ ತಟ್ಟಿದ. ಟಣ್ ಎಂದಿತು, ಪೊಳ್ಳಿಲ್ಲದ ಕಟ್ಟಿಗೆಯ ಸದ್ದು.

"ಅಣ್ಣಾ, ಇದು ಗಂಟಿ ಬಾರಿಸಿದಂಗ ಸಪ್ಪಳಾಗ್ತೈತಲ್ಲೋ!" ಎಂದು ಮೇಲಿನಿಂದಲೇ ಮೆಲ್ಲಗೆ ಅಂದ.

"ಸುಮ್ನ ಇಳಿ, ಲೇ."

ಸಿಂಧನೂರಿನ ಒಬ್ಬ ರೈಸ್ ಮಿಲ್ಲಿನವರು ಹೊಸ ಮನೆಯ ಪಡಸಾಲೆಗೆ ಇಂಥ ತೊಲೆಗಳನ್ನೇ ಕೇಳಿದ್ದರು. ಹೊರಗೆ ಬಂದು ಎಲ್ಲರ ಮುಂದೆ ಹೇಳಿದೆ: "ತುದಿಗೆ ಹುಳ ಹತ್ತ್ಯಾವ. ಒಳಗ ಪೊಳ್ಳು. ಮಕ್ಕಳ್ನ ಕೆಳಗ ಕುಂದ್ರಸಬ್ಯಾಡ್ರಿ." ಹುಡುಗರ ಮುಖ ಅರಳಿತು. ಫಾದರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ರಾಯಪ್ಪಜ್ಜ ಮಾತ್ರ ಒಳಗೆ ಹೋಗಿ ಕೂತರು.

ಮೌನೇಶ ನನ್ನ ಪಕ್ಕ ಬಂದು, "ಹುಳ ಬಿದ್ದದ್ದು ತೊಲ್ಯಾಗಲ್ಲ, ನಿನ್ನ ಬಾಯಾಗ" ಎಂದು ತಂಬಾಕು ತಿಕ್ಕುತ್ತ ಆಚೆ ನಡೆದ.

ನಡು ಮಧ್ಯಾಹ್ನ. ಮಾರುವ ಹೊಣೆಯನ್ನು ಊರವರು ರಾಯಪ್ಪಜ್ಜನಿಗೆ ವಹಿಸಿದ್ದರು. ಅವರೂ ಹಿಂದೆ ಎತ್ತು ಮಾರಿದವರು, ನಾನು ಟವೆಲ್ ಬಿಡಿಸಿದ ಕೂಡಲೇ ಕೈ ಚಾಚಿದರು. ಪೀಠದ ಮೆಟ್ಟಿಲ ಮೇಲೆ ನಾವಿಬ್ಬರೇ. ಅವರ ಎಡಗೈಯಲ್ಲಿ ಜಪಮಾಲೆ, ನನ್ನ ಎಡಗೈ ಮೊಣಕಾಲ ಮೇಲೆ. ಸೌದೆಯ ಬೆಲೆಗೆ ಕೇಳಿದೆ. ಅವರು ಹೆಚ್ಚು ಎಳೆದಾಡಲಿಲ್ಲ. ಕೊನೆಯ ಮಾತು ಎಂಬಂತೆ ಅವರ ಐದೂ ಬೆರಳನ್ನು ಸೇರಿಸಿ ನನ್ನ ಮುಷ್ಟಿಯಲ್ಲಿ ಹಿಡಿದೆ.

ಆಗ ರಾಯಪ್ಪಜ್ಜ ಯಾರೂ ಕೇಳದೆಯೇ ಬಾಯಿ ಬಿಟ್ಟರು. "ಐಬು ಅಂದ್ರ ಒಂದ ಐತ್ರಿ. ಪಡುವಣ ಮೂಲ್ಯಾಗ ಮಳಿ ಸೋರತೈತಿ. ಮುಚ್ಚಿಡಬಾರದು."

ಕೆಡವುವ ಕಟ್ಟಡಕ್ಕೆ ಸೋರಿಕೆಯ ಮಾತೇಕೆ ಎಂದು ನಾನು ಯೋಚಿಸುವಷ್ಟರಲ್ಲಿ ನನ್ನ ಹೆಬ್ಬೆರಳಿನ ಉಗುರನ್ನು ಯಾರೋ ಒತ್ತಿದರು.

ಗಟ್ಟಿಯಾಗಿ ಅಲ್ಲ. ಸಂತೆಯಲ್ಲಿ ಒತ್ತುವಷ್ಟೇ. ಬೆರಳ ತುದಿ ಒರಟಾಗಿತ್ತು, ಒದ್ದೆ ಸುಣ್ಣ ಕಲಸಿ ಬಂದ ಗೌಂಡಿಯ ಬೆರಳಿನ ಹಾಗೆ. ಅಜ್ಜನ ಐದೂ ಬೆರಳು ನನ್ನ ಮುಷ್ಟಿಯಲ್ಲಿದ್ದವು, ಒಂದೊಂದನ್ನೂ ಎಣಿಸಬಹುದಿತ್ತು. ಜಪಮಾಲೆಯ ಕೈ ಎದುರಿಗೆ ಕಾಣುತ್ತಿತ್ತು. ಟವೆಲ್ ಅಲುಗಲಿಲ್ಲ. ಬೆರಳು ಮಾತ್ರ ಉಗುರಿನ ಮೇಲೆ ಇದ್ದೇ ಇತ್ತು, ಉತ್ತರಕ್ಕೆ ಕಾಯುತ್ತ.

ಕೈ ಎಳೆದುಕೊಂಡು ಓಡಬಹುದಿತ್ತು. ಆ ಸುತ್ತಿಗೆಯ ಸದ್ದು ಹೇಗಿತ್ತೆಂದು ಹೇಳಬಹುದಿತ್ತು. ನಾನು ಮತ್ತೆ, "ಹುಳ ತಿಂದಾವ. ಪೊಳ್ಳು" ಎಂದೆ.

ಬೆರಳು ಸಡಿಲಾಯಿತು. ಸಿಟ್ಟಿನಿಂದ ಕಿತ್ತುಕೊಂಡಂತಲ್ಲ. ಹೇಳಿದ್ದನ್ನು ನಂಬಿದವರು ಕೈ ಬಿಡುತ್ತಾರಲ್ಲ, ಹಾಗೆ. ಟವೆಲ್ ತೆಗೆದರೆ ನಮ್ಮ ಎರಡು ಕೈ ಬಿಟ್ಟು ಮತ್ತೇನೂ ಇರಲಿಲ್ಲ.

ಹದಿನೈದು ದಿನದಲ್ಲಿ ಮಾಳಿಗೆ ಬಿಚ್ಚಿದೆವು, ಗೋಡೆಯನ್ನು ಯಂತ್ರ ತಂದು ಕೆಡವಿದರು. ಒಂಬತ್ತು ತೊಲೆಯಲ್ಲಿ ಒಂದಕ್ಕೂ ಹುಳ ಇರಲಿಲ್ಲ. ಇವತ್ತಿಗೂ ಅವು ಸಿಂಧನೂರಿನ ಆ ಪಡಸಾಲೆಯಲ್ಲಿವೆ. ಹೊಸ ಚರ್ಚಿನ ಪ್ರತಿಷ್ಠೆಗೆ ನನ್ನನ್ನೂ ಕರೆದು ಶಾಲು ಹೊದಿಸಿದರು. ಪ್ರತಿ ಕ್ರಿಸ್‌ಮಸ್ಸಿಗೆ ರಾಯಪ್ಪಜ್ಜ ಬಸ್ಸಿನವರ ಕೈಯಲ್ಲಿ ಕರ್ಚಿಕಾಯಿ ಕಳಿಸುತ್ತಾರೆ. ಮನೆಯವರು ತಿನ್ನುತ್ತಾರೆ, ನಾನು ಮುಟ್ಟಿಲ್ಲ.

ಹೋದ ತಿಂಗಳು ಅಜ್ಜ ಕನ್ನಡಕ ಮಾಡಿಸಲು ಸಿಂಧನೂರಿಗೆ ಬಂದವರು ಅಡ್ಡೆಗೂ ಬಂದರು. ಚಹಾ ಕುಡಿಯುವಾಗ ತಡೆಯಲಾರದೆ ಕೇಳಿದೆ. "ಅಜ್ಜಾರ, ಅವತ್ತು ಟವೆಲ್ ಕೆಳಗ ನನ್ನ ಹೆಬ್ಬಟ್ಟು ಒತ್ತಿದ್ರೇನು?"

"ನಾ ಎಲ್ಲಿ ಒತ್ತಲ್ರಿ? ನನ್ನ ಬೆರಳೆಲ್ಲ ನಿಮ್ಮ ಮುಷ್ಟ್ಯಾಗ ಇದ್ದುವು. ನೀವ ನನ್ನ ಉಗುರು ಒತ್ತಿದ್ರಿ. ಅದಕ್ಕ ಸೋರಿಕಿ ಮಾತು ಹೇಳ್ದೆ."

ನಾನು ಒತ್ತಿರಲಿಲ್ಲ. ಐಬು ಕೇಳುವ ಧೈರ್ಯ ನನಗೆ ಅವತ್ತು ಎಲ್ಲಿತ್ತು?

"ಯಾಕ ಕೇಳಿದ್ರಿ?" ಎಂದರು.

"ಸುಮ್ನ."

"ನೀವು ಅವತ್ತು ಖರೇ ಹೇಳಲಿಲ್ಲಂದ್ರ ಮಕ್ಕಳ ತಲಿ ಮ್ಯಾಲ ಬೀಳತಿತ್ತು, ಸಾವ್ಕಾರ್ರ" ಎಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅವತ್ತಿನ ಬೆರಳು ಯಾರದು, ನನಗೆ ಗೊತ್ತಿಲ್ಲ. ಬಿಸಿಲಿನ ಭ್ರಮೆಯಾದರೆ ಅಜ್ಜನಿಗೂ ಅದೇ ಗಳಿಗೆಯಲ್ಲಿ ಅದೇ ಭ್ರಮೆ ಹೇಗಾಯಿತು, ಅದೂ ಗೊತ್ತಿಲ್ಲ. ಒಂದೇ ಪ್ರಶ್ನೆಗೆ ಅವರು ಒಂದು ಉತ್ತರ ಕೊಟ್ಟರು, ನಾನು ಒಂದು ಕೊಟ್ಟೆ. ಹೊಸ ಕನ್ನಡಕ ಬಂದ ಮೇಲೆ ಅಜ್ಜ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾರಂತೆ. ಇದು ಅಚ್ಚಾದರೆ ಒಂದು ಪ್ರತಿಯನ್ನು ನಾನೇ ಆ ಊರಿಗೆ ಒಯ್ದು ಅವರ ಕೈಗೆ ಕೊಡುತ್ತೇನೆ. ಅವರು ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿರಬೇಕು. ಅಷ್ಟು ಹೊತ್ತು ಕೂರುವ ಶಕ್ತಿ ನನಗಿದೆಯೋ ಇಲ್ಲವೋ, ಇನ್ನೂ ತಿಳಿಯದು.