ಕೊಪ್ಪರಿಗೆಯ ಸದ್ದು

"ಬೆಲ್ಲ ಕಲಿಯಕ್ಕೆ ಇಮಾನ ಹತ್ಬೇಕೇನ್ಲಾ?"

ದೊಡ್ಡಪ್ಪ ಅಪ್ಪನನ್ನು ಹೀಗೆ ಕೇಳಿದ್ದು ನಮ್ಮ ಆಲೆಮನೆಯಲ್ಲಿ, ಆಳುಗಳೆಲ್ಲ ಇರುವಾಗ. ಕೊಲಂಬಿಯಾ ಎಂಬ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷ ಓದಲು ನನಗೆ ವಿದ್ಯಾರ್ಥಿವೇತನ ಸಿಕ್ಕಿದೆಯೆಂದು ಅಪ್ಪ ಆಗತಾನೇ ಹೇಳಿ ಮುಗಿಸಿದ್ದ. ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದವಳು ಅಲ್ಲಿ ಹೋಗಿ ಇನ್ನೇನು ಓದುತ್ತಾಳೆ ಎಂದು ಯಾರೋ ಕೇಳಿದರು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವುದನ್ನು ಎಂದು ಅಪ್ಪ ಇದ್ದದ್ದನ್ನೇ ಹೇಳಿದ. ಎಲ್ಲರೂ ನಕ್ಕರು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಿದ್ದವನು, ಹಾಗಾದರೆ ನನ್ನನ್ನೂ ಕಳಿಸಿ, ಮೇಷ್ಟ್ರಾಗಿ ಬರುತ್ತೇನೆ ಎಂದ.

ನಕ್ಕವರ ತಪ್ಪಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಾಚೆ ಕಾಣುವುದು ಕಬ್ಬು. ಕಬ್ಬು ಮುಗಿದ ಕಡೆ ಆಲೆಮನೆಯ ಹೊಗೆ. ನಮ್ಮೂರು ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿಯ ನೀರು ಉಣ್ಣುವ ಊರು. ಅಂಥ ಊರಿನ ಹುಡುಗಿ ಬೆಲ್ಲ ಓದಲು ಸಮುದ್ರ ದಾಟುತ್ತಾಳೆ ಎಂದರೆ, ನಾನೇ ಬೇರೆಯವರ ಬಗ್ಗೆ ಕೇಳಿದ್ದರೂ ನಗುತ್ತಿದ್ದೆನೋ ಏನೋ.

ಆದರೆ ನಾನು ಆಗ ನಗಲಿಲ್ಲ. ಗೋಡೆಯ ಆಚೆ ಬದಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅದು ನನ್ನ ಹಳೆಯ ಜಾಗ. ನಮ್ಮದು ಒಟ್ಟು ಸಂಸಾರ. ಆಲೆಮನೆ ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿದ್ದಾದರೂ ಪಾಕ ನೋಡುವವನು ದೊಡ್ಡಪ್ಪ ಒಬ್ಬನೇ. ಹೆಣ್ಣುಮಕ್ಕಳು ಕೊಪ್ಪರಿಗೆಯ ಹತ್ತಿರ ಹೋಗುವಂತಿರಲಿಲ್ಲ. ಬುತ್ತಿ ತಂದವರು ಬಾಗಿಲಲ್ಲೇ ಕೊಟ್ಟು ಹೊರಡಬೇಕು. ಚಿಕ್ಕಂದಿನಲ್ಲಿ ನಾನು ಮಾತ್ರ ಬುತ್ತಿ ಕೊಟ್ಟು ಮನೆಗೆ ಹೋಗದೆ ಹಿಂದುಗಡೆಯ ಮಣ್ಣುಗೋಡೆಗೆ ಒರಗಿ, ಅಲ್ಲಿದ್ದ ಚಪ್ಪಟೆ ಕಲ್ಲಿನ ಮೇಲೆ ಕೂತು ಶಾಲೆಯ ಪಾಠ ಓದಿಕೊಳ್ಳುತ್ತಿದ್ದೆ. ಚಳಿಗಾಲದಲ್ಲಿ ಆ ಗೋಡೆ ಬೆಚ್ಚಗಿರುತ್ತಿತ್ತು. ಒಳಗೆ ಹಾಲು ಕುದಿಯುವ ಸದ್ದೂ, ಹದಕ್ಕೆ ಬಂದಾಗ ದೊಡ್ಡಪ್ಪ "ಬಂತು" ಎಂದು ಕೂಗುವುದೂ ಕೇಳಿಸುತ್ತಿತ್ತು. ಬೈದು ಎಬ್ಬಿಸುವವರು ಯಾರೂ ಇರಲಿಲ್ಲ, ಏಕೆಂದರೆ ಗೋಡೆಯ ಆಚೆ ಇರುವುದು ಒಳಗೆ ಬಂದ ಹಾಗಲ್ಲ.

ಆ ದಿನ ಗೋಡೆಯ ಒಳಗಿನ ನಗು ನಿಂತ ಮೇಲೆ ಅಪ್ಪನ ಮಾತು ಕೇಳಿಸಿತು. ಅಣ್ಣನ ಎದುರು ದನಿ ಎತ್ತುವವನಲ್ಲ ಅವನು. ಅವತ್ತೂ ಎತ್ತಲಿಲ್ಲ.

"ಓಗ್ ಬರ್ಲಿ ಬುಡಣ್ಣ. ಬಂದ್ಮೇಲೆ ಒಂದ್ ಕೊಪ್ಪರಿಗೆ ಅವಳ್ ಮಾತ್ನಂಗೆ ಇಳಿಸ್ ನೋಡು. ಕಲ್ತವ್ಳೋ ಇಲ್ವೋ ಅವಾಗ್ ಗೊತ್ತಾಯ್ತದೆ."

"ಇಳಿಸ್ತೀನಿ ಕಣ್ಲಾ," ಎಂದ ದೊಡ್ಡಪ್ಪ. "ಆ ಪಾಕ ಕೆಟ್ರೆ, ಎಣ್ಮಕ್ಳು ಕೊಪ್ಪರಿಗೆ ತಾವ್ ಬರೋ ಮಾತ್ನ ಇನ್ನೊಂದ್ ಸತಿ ಎತ್ಬ್ಯಾಡ."

ಅಪ್ಪ ಆಯಿತು ಎಂದ. ಕೊಪ್ಪರಿಗೆಯ ಮುಂದೆ ನಿಲ್ಲಬೇಕೆಂದು ನನಗೆ ಬುದ್ಧಿ ತಿಳಿದಾಗಿನಿಂದ ಆಸೆಯಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಹೇಗೆ ತಿಳಿಯಿತೆಂದು ಇವತ್ತಿಗೂ ಗೊತ್ತಿಲ್ಲ.

ಕೊಲಂಬಿಯಾದಲ್ಲಿ ಮೊದಲ ಕೆಲವು ತಿಂಗಳು ಬರೀ ಸ್ಪ್ಯಾನಿಷ್ ಕಲಿತೆ. ಉಳಿದ ವಿದೇಶಿ ವಿದ್ಯಾರ್ಥಿಗಳು ಮಾತಾಡಲಾಗದೆ ಒದ್ದಾಡುತ್ತಿದ್ದರು. ಕನ್ನಡದಲ್ಲಿಯೇ ಮಿತವಾಗಿ ಮಾತಾಡುವ ನನಗೆ ಆ ಕಷ್ಟ ಅಷ್ಟಾಗಿ ತಟ್ಟಲಿಲ್ಲ. ಕೇಳಿಸಿಕೊಂಡು ಕೂತೆ. ಭಾಷೆ ಕಿವಿಯಿಂದ ಒಳಗೆ ಬಂದು, ತಾನಾಗಿಯೇ ಒಂದು ದಿನ ಬಾಯಿಗೆ ಬಂತು. ನಾನಿದ್ದ ಮನೆಯ ಯಜಮಾನಿ ಬೆಳಿಗ್ಗೆ ಕೊಡುತ್ತಿದ್ದ ಬಿಸಿನೀರಿನಲ್ಲಿ ಬೆಲ್ಲ ಕರಗಿರುತ್ತಿತ್ತು. ಅಲ್ಲಿ ಅದಕ್ಕೆ ಪನೇಲಾ ಎನ್ನುತ್ತಾರೆ. ಮೊದಲ ಗುಟುಕಿಗೇ ನನಗೆ ಅವ್ವ ನೆನಪಾಗಲಿಲ್ಲ, ಮನೆ ನೆನಪಾಗಲಿಲ್ಲ, ದೊಡ್ಡಪ್ಪ ನೆನಪಾದ. ಪಾಕ ಸ್ವಲ್ಪ ಮುಂದೆ ಹೋಗಿದೆ, ಅವನಾಗಿದ್ದರೆ ಬಿಡುತ್ತಿರಲಿಲ್ಲ ಎಂದುಕೊಂಡೆ.

ಪಾಠ ಶುರುವಾದ ಮೇಲೆ ನಮ್ಮನ್ನು ಬೆಟ್ಟದ ಇಳಿಜಾರಿನಲ್ಲಿದ್ದ ಒಂದು ಆಲೆಮನೆಗೆ ಕರೆದುಕೊಂಡು ಹೋದರು. ಕಬ್ಬಿನ ಹೊರೆ ಹೇಸರಗತ್ತೆಯ ಬೆನ್ನ ಮೇಲೆ ಬರುತ್ತಿತ್ತು. ನಮ್ಮಲ್ಲಿ ಒಂದೇ ದೊಡ್ಡ ಕೊಪ್ಪರಿಗೆಯಾದರೆ ಅಲ್ಲಿ ಉದ್ದನೆಯ ಒಲೆಯ ಮೇಲೆ ಸಾಲು ಬಾಣಲೆಗಳು. ಹಾಲು ಒಂದರಿಂದ ಒಂದಕ್ಕೆ ದಾಟುತ್ತ ಕೊನೆಯದರಲ್ಲಿ ಪಾಕಕ್ಕೆ ಬರುತ್ತದೆ. ಉಳಿದದ್ದೆಲ್ಲ ನಮ್ಮದೇ. ಕಬ್ಬಿನ ಸಿಪ್ಪೆಯ ಉರಿ. ಹಾಲಿನ ಕೊಳೆ ಮೇಲೆ ಬರಲೆಂದು ದೊಡ್ಡಪ್ಪ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಾನೆ. ಅಲ್ಲಿ ಒಂದು ಮರದ ತೊಗಟೆ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು. ಪಾಕ ನೋಡುವವನು ಹುಲ್ಲಿನ ಟೋಪಿ ಹಾಕಿದ್ದ ಒಬ್ಬ ಮುದುಕ. ಅವನ ಸುತ್ತ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅದೂ ನಮ್ಮದೇ.

ನಮ್ಮ ಪ್ರಾಧ್ಯಾಪಕರು ಶಾಖಮಾಪಕ ಹಿಡಿದು ಕೊನೆಯ ಬಾಣಲೆಯ ಹತ್ತಿರ ವಿವರಿಸುತ್ತಿದ್ದರು. ಸಹಪಾಠಿಗಳು ಮುಗಿಬಿದ್ದಿದ್ದರು. ನನಗೆ ನುಗ್ಗುವ ಅಭ್ಯಾಸವಿಲ್ಲ. ಹಿಂದೆ ಸರಿದು, ಬಾಣಲೆಗಳಿಗೆ ಬೆನ್ನು ಹಾಕಿ, ಒಂದು ಕಂಬಕ್ಕೆ ಒರಗಿ ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಬೆನ್ನಿಗೆ ಬಿಸಿ ತಾಗುತ್ತಿತ್ತು. ಯಾವಾಗಲೋ ಬರೆಯುವುದು ನಿಂತಿತು. ನನ್ನ ಬಾಯಿಂದ, ಕನ್ನಡದಲ್ಲಿ, "ಬಂತು" ಎಂದು ಬಂದುಬಿಟ್ಟಿತು.

ಅದೇ ಗಳಿಗೆಯಲ್ಲಿ ಮುದುಕ "ಯಾ" ಎಂದ. ಆಯಿತು, ಇಳಿಸಿ ಎಂಬುದಕ್ಕೆ ಅವರು ಕೂಗುವ ಮಾತು ಅದು.

ಎಲ್ಲರೂ ತಿರುಗಿ ನೋಡಿದರು. ಮುದುಕ ಬಾಣಲೆ ಖಾಲಿ ಮಾಡಿಸಿ ಆಮೇಲೆ ನನ್ನ ಹತ್ತಿರ ಬಂದ. ನೋಡದೆ ಹೇಗೆ ತಿಳಿಯಿತು ಎಂದು ಕೇಳಿದ. ನಮ್ಮ ಮನೆಯಲ್ಲಿ ಪಾಕವನ್ನು ನಾನು ಒಮ್ಮೆಯೂ ನೋಡಿಲ್ಲ, ಗೋಡೆಯಾಚೆ ಕೂತು ಬರೀ ಕೇಳಿದ್ದೇನೆ ಎಂದೆ. ಅಷ್ಟು ಉದ್ದದ ಮಾತನ್ನು ಸ್ಪ್ಯಾನಿಷ್‌ನಲ್ಲಿ ಆಡಿದ್ದು ಅದೇ ಮೊದಲು. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಕಣ್ಣಿಗೆ ಹಬೆ ಅಡ್ಡ ಬರುತ್ತದೆ, ಕಿವಿಗೆ ಬರುವುದಿಲ್ಲ, ಮುಂದಿನ ವಾರವೂ ಬಾ ಎಂದ.

ಹೋದೆ. ಆ ವರ್ಷವೆಲ್ಲ ಬಿಡುವಿದ್ದಾಗಲೆಲ್ಲ ಹೋದೆ. ನೆರಿಗೆಯಂಥ ರಸ್ತೆಯಲ್ಲಿ ಹತ್ತುವ ಬಸ್ಸಿನಲ್ಲಿ ಒಬ್ಬಳೇ ಕೂತು, ಇಳಿದು ನಡೆದು ಹೋಗುತ್ತಿದ್ದೆ. ಮುದುಕ ನನ್ನ ಕೈಗೆ ಸಟ್ಟುಗ ಕೊಟ್ಟ. ಒದ್ದೆ ಕೈಯಲ್ಲಿ ಪಾಕ ಎತ್ತಿ ಉಂಡೆ ಕಟ್ಟಿ ಹದ ನೋಡುವುದನ್ನು ಕಲಿಸಿದ. ಬೆರಳು ಸುಟ್ಟವು, ವಾಸಿಯಾದವು. ಅಲ್ಲಿನ ಕೆಲಸದವರು ದೂರದಿಂದ ನನ್ನನ್ನು ಕಂಡ ಕೂಡಲೇ "ಬಂತು, ಬಂತು" ಎಂದು ಕೂಗಿ ರೇಗಿಸುತ್ತಿದ್ದರು. ಭೂಮಿಯ ಆ ಬದಿಯಲ್ಲಿ, ಹೇಸರಗತ್ತೆಗಳ ನಡುವೆ ನಮ್ಮ ಆಲೆಮನೆಯ ಮಾತನ್ನು ಕೇಳುವಾಗ ನನಗಾಗುತ್ತಿದ್ದ ಹೆಮ್ಮೆಯನ್ನು ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ. ವರ್ಷದ ಕೊನೆಗೆ ತರಗತಿಯ ಮುಂದೆ ನಿಂತು, ಕುದಿಯುವ ಸದ್ದಿನಿಂದ ಪಾಕದ ಹದ ತಿಳಿಯುವ ಬಗ್ಗೆ ಮಾತಾಡಿದೆ. ಪ್ರಾಧ್ಯಾಪಕರು ಇದನ್ನು ಎಲ್ಲಿ ಓದಿದಿರಿ ಎಂದರು. ನಮ್ಮೂರಿನ ಹೆಸರು ಹೇಳಿದೆ. ಅವರು ಅದನ್ನು ಹಲಗೆಯ ಮೇಲೆ ಬರೆಯಲು ಹೇಳಿದರು. ಬರೆದೆ.

ವಾಪಸು ಬಂದಾಗ ನಮ್ಮಲ್ಲಿ ಕಬ್ಬು ಕಡಿಯುವ ಕಾಲ. ಅಪ್ಪ ಬೆಂಗಳೂರಿಗೇ ಬಂದಿದ್ದ. ಬಸ್ಸು ಶ್ರೀರಂಗಪಟ್ಟಣ ತಲುಪುವ ಹೊತ್ತಿಗೆ ಕಂಡಕ್ಟರಿಗೆ ನಮ್ಮ ಕಥೆಯೆಲ್ಲ ತಿಳಿದಿತ್ತು.

"ನನ್ ಮಗ್ಳು. ಫಾರಿನ್ನಲ್ಲಿ ಓದ್ಕಂಡ್ ಬತ್ತಾವ್ಳೆ," ಎಂದಿದ್ದ ಅಪ್ಪ.

"ಏನ್ ಓದವ್ರೆ?"

"ಬೆಲ್ಲ."

ಕಂಡಕ್ಟರು ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. "ಇಲ್ಲಿ ಸಿಕ್ಕಾಕಿಲ್ವಾ ಯಜಮಾನ್ರೆ?"

"ಸಿಕ್ತದೆ. ಬೇರೆ ಕಡೆ ಎಂಗ್ ಮಾಡ್ತಾರೆ ಅಂತ ನಮ್ಮೋರು ಯಾರಾರ ಒಬ್ರು ನೋಡ್ಕಂಡ್ ಬರ್ಬೇಕಲ್ಲಪ್ಪ."

ನಾನು ಕಿಟಕಿಯಾಚೆ ಕಾವೇರಿಯನ್ನು ನೋಡುತ್ತ ಕೂತೆ. ಅಪ್ಪ ಇಷ್ಟು ಮಾತಾಡುವುದನ್ನು ನಾನು ಕೇಳಿದ್ದೇ ಇರಲಿಲ್ಲ. ದಾರಿಯುದ್ದಕ್ಕೂ ಒಂದು ಸಲವೂ ಅವನು ಆ ಕೊಪ್ಪರಿಗೆಯ ಮಾತು ಎತ್ತಲಿಲ್ಲ. ಆದರೆ ಅವನಿಗೆ ಅದೇ ಯೋಚನೆಯೆಂದು ನನಗೆ ಗೊತ್ತಿತ್ತು. ನನಗೂ ಅದೇ.

ದೊಡ್ಡಪ್ಪ ಮರೆತಿರಲಿಲ್ಲ. ನಾನು ಬಂದ ವಾರವೇ, ಬೆಳಗಿನ ಎರಡನೆಯ ಕೊಪ್ಪರಿಗೆಗೆ ಬರಬೇಕೆಂದು ಹೇಳಿ ಕಳಿಸಿದ. ಹೋಗುವಷ್ಟರಲ್ಲಿ ಅಕ್ಕಪಕ್ಕದ ಗದ್ದೆಯವರೂ ಬಂದು ನಿಂತಿದ್ದರು. ಶೀಳನೆರೆಯಿಂದ ಅವ್ವನ ತಮ್ಮನೂ ಬಂದಿದ್ದ. ಅವ್ವ ಬಾಗಿಲಿನ ಹೊರಗೇ ನಿಂತಳು. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಹುಟ್ಟಿದ ಮನೆಯ ಆಲೆಮನೆಯ ಒಳಭಾಗವನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆಗ. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು.

"ಬಾ ಮಗ. ನಿಮ್ಮಪ್ಪ ಮಾತ್ ಕೊಟ್ಟವ್ನೆ, ಗ್ಯಾಪ್ನ ಅದಾ?" ಎಂದ ದೊಡ್ಡಪ್ಪ.

ನೆನಪಿದೆ ಎಂದೆ. ಹಾಲು ಕಾದಿತ್ತು. ಬೆಂಡೆಯ ಲೋಳೆ ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದೆ. ನಾನು ಚೀಲದಿಂದ ಯಾವುದೋ ಪುಡಿಯನ್ನೋ ಯಂತ್ರವನ್ನೋ ತೆಗೆಯುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ನನ್ನ ಹತ್ತಿರ ಚೀಲವೇ ಇರಲಿಲ್ಲ. ನಾವ್ ಮಾಡೋದ್ನೇ ಮಾಡ್ತಾವ್ಳಲ್ಲ ಎಂದು ಯಾರೋ ಅಂದರು. ನೊರೆ ಇಳಿದು ಹಳದಿ ಬಣ್ಣ ಕಂದಾಗತೊಡಗಿದಾಗ ಹಬೆ ದಟ್ಟವಾಯಿತು. ಆಗ ನಾನು ಕೊಪ್ಪರಿಗೆಗೆ ಬೆನ್ನು ಹಾಕಿ ತಿರುಗಿ ನಿಂತೆ.

ಹಿಂದೆ ಗುಸುಗುಸು ಎದ್ದಿತು. "ಪಾಕಕ್ಕೆ ಬೆನ್ ತೋರಿಸ್ತಾಳಲ್ಲಪ್ಪ ಇವ್ಳು," ಎಂದ ಒಲೆಯ ಮುಂದಿನವನು. ಎದುರಿಗೆ ಅಪ್ಪ ನೆಲ ನೋಡುತ್ತ ನಿಂತಿದ್ದ.

ನಾನು ಕೇಳುತ್ತಿದ್ದೆ. ಮೊದಲು ದನಗಳು ಒಟ್ಟಿಗೆ ಹುಲ್ಲು ಮೇಯುವಂಥ ಸದ್ದು ಇರುತ್ತದೆ. ಆಮೇಲೆ ಅದು ದಪ್ಪವಾಗುತ್ತ ಹೋಗಿ, ಮುದ್ದೆಗೆ ಹಿಟ್ಟು ಬೇಯುವಾಗಿನ ಗೊಟಗೊಟ ಬರುತ್ತದೆ. ಅಲ್ಲಿಗೇ ಹದ ಬಂತು ಎಂದುಕೊಂಡರೆ ಬೆಲ್ಲ ಅಚ್ಚು ಹಿಡಿಯುವುದಿಲ್ಲ. ಗುಳ್ಳೆ ಒಡೆದ ಮೇಲೆ ಇನ್ನೊಂದು ಒಡೆಯುವ ತನಕ ನಡುವೆ ಒಂದು ಮೌನ ಹುಟ್ಟುತ್ತದೆ. ಆ ಮೌನ ಹಿಗ್ಗಬೇಕು. ಆ ದೇಶದ ಬಾಣಲೆಗಿಂತ ನಮ್ಮ ಕೊಪ್ಪರಿಗೆ ಆಳ. ಇಲ್ಲಿ ಎಲ್ಲವೂ ನಿಧಾನ. ಸೀಯುತ್ತದೆ ಎಂದು ಯಾರೋ ಎಚ್ಚರಿಸಿದರು. ಆದರೂ ಕಾದೆ, ಏಕೆಂದರೆ ಆ ಸದ್ದು ನನಗೆ ನನ್ನ ಪಾಠದ ಪುಸ್ತಕಗಳಿಗಿಂತ ಹಳೆಯದು.

"ಬಂತು," ಎಂದೆ.

ಕೊಪ್ಪರಿಗೆ ವಾಲಿಸಲು ಬೊಂಬು ಹಿಡಿದು ನಿಂತಿದ್ದ ಆಳುಗಳು ಅಲುಗಲಿಲ್ಲ. ನಾನು ತಿರುಗಿದೆ. ಅವರೆಲ್ಲ ದೊಡ್ಡಪ್ಪನನ್ನು ನೋಡುತ್ತಿದ್ದರು. ದೊಡ್ಡಪ್ಪನ ಬಲಗೈ ನೀರಿನ ಗಡಿಗೆಯಲ್ಲಿ ಅದ್ದಿ ಒದ್ದೆಯಾಗಿತ್ತು. ಪಾಕ ಎತ್ತಿ ಪರೀಕ್ಷಿಸಲು ಸಿದ್ಧವಾಗಿತ್ತು. ಅವನು ಅದನ್ನು ಕೊಪ್ಪರಿಗೆಗೆ ಹಾಕಲಿಲ್ಲ. ಹೆಗಲ ಮೇಲಿನ ಟವಲಿಗೆ ಒರೆಸಿಕೊಂಡ.

"ಅವ್ಳು ಏಳುದ್ಳಲ್ಲ. ಇಳಿಸ್ರಲಾ. ನನ್ ಮೊಕ ಯಾಕ್ ನೋಡೀರಿ?"

ಕೊಪ್ಪರಿಗೆ ವಾಲಿತು. ತೊಟ್ಟಿಯಂಥ ಮರದ ದೋಣಿಯೊಳಗೆ ಪಾಕ ಬಿದ್ದು ಹರಡಿತು. ಅಚ್ಚಿಗೆ ಹಾಕಿದ ಬೆಲ್ಲ ಆರುವವರೆಗೆ ಯಾರೂ ಅಲ್ಲಿಂದ ಕದಲಲಿಲ್ಲ. ದೊಡ್ಡಪ್ಪ ಒಂದು ಅಚ್ಚನ್ನು ಎತ್ತಿ ಕಲ್ಲಿನ ಮೇಲೆ ಒಡೆದ. ಹದ ಸರಿಯಿದ್ದ ಬೆಲ್ಲದ ಹಾಗೆ ಒಳಗೆ ಹರಳು ಹರಳಾಗಿತ್ತು. ಮೊದಲ ಚೂರನ್ನು ಬಾಗಿಲಾಚೆ ನಿಂತಿದ್ದ ಅವ್ವನಿಗೆ ಕೊಡಲು ಅಪ್ಪನ ಕೈಗಿಟ್ಟ. ಆಮೇಲೆ ನನ್ನನ್ನು ಕೇಳಿದ, "ತಿರೀಕಂಡ್ ನಿಲ್ಲೋದ್ನ ಅಲ್ ಕಲ್ತ್ಯಾ?"

"ಇಲ್ಲ ದೊಡ್ಡಪ್ಪ. ಇಲ್ಲೇ. ಆ ಗೋಡೆ ಹಿಂದೆ ಕೂತು ಕಲಿತಿದ್ದು."

ದೊಡ್ಡಪ್ಪ ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದ.

ಮಾರನೆಯ ದಿನ ಬುತ್ತಿ ತೆಗೆದುಕೊಂಡು ಹೋದಾಗ ಅಭ್ಯಾಸಬಲದಿಂದ ಹಿಂದುಗಡೆಗೆ ಹೋದೆ. ನನ್ನ ಚಪ್ಪಟೆ ಕಲ್ಲು ಅಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಹಸಿ ಮಣ್ಣು ಮಾತ್ರ ಕಾಣುತ್ತಿತ್ತು. ಸುತ್ತಿ ಬಾಗಿಲಿಗೆ ಬಂದೆ. ಕಲ್ಲು ಒಳಗಿತ್ತು, ಕೊಪ್ಪರಿಗೆಯ ಮಗ್ಗುಲಲ್ಲಿ, ದೊಡ್ಡಪ್ಪ ನಿಲ್ಲುವ ಜಾಗದ ಪಕ್ಕದಲ್ಲಿ. ಅದರ ಮೇಲಿನ ಮಣ್ಣನ್ನು ತೊಳೆದಿದ್ದರು.